ಸೌದೆ ಒಲ್ಲದ ಯಜಮಾನರು

ಮರ ಹತ್ತಿ ಬದುಕಿದವರು ತೀರಿಕೊಂಡರು ಎಂದರೆ ಜನ ಮೊದಲು ಕೇಳುವುದು ಒಂದೇ ಮಾತು: "ಬಿದ್ರಾ?" ಹೋದ ತಿಂಗಳು ನನಗೆ ಕೆಲಸ ಕಲಿಸಿದ ಯಜಮಾನರು ಹೋದಾಗಲೂ ಅರಸೀಕೆರೆಯ ಬಸ್ ಸ್ಟ್ಯಾಂಡಿನಿಂದ ಹಿಡಿದು ಬೇಲೂರಿನ ಟೀ ಅಂಗಡಿಯವರೆಗೆ ಎಲ್ಲರೂ ನನ್ನನ್ನು ಇದನ್ನೇ ಕೇಳಿದರು. ಇಲ್ಲ, ಬೀಳಲಿಲ್ಲ. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಉಂಡು, ಒಂದು ಚೊಂಬು ಮಜ್ಜಿಗೆ ಕುಡಿದು, ಸ್ವಲ್ಪ ಹೊತ್ತು ಕಾಲು ಚಾಚುತ್ತೇನೆ ಎಂದು ನಡುಮನೆಯ ಚಾಪೆಯ ಮೇಲೆ ಮಲಗಿದವರು ಏಳಲಿಲ್ಲ, ಅಷ್ಟೇ. ನಲವತ್ತು ವರ್ಷ ಕೊಂಬೆಗಳ ನಡುವೆ ಓಡಾಡಿದ ಮನುಷ್ಯ ನೆಲಕ್ಕೆ ಬೆನ್ನು ಕೊಟ್ಟು ಹೋದರು. ಸುದ್ದಿ ಕೇಳಿದಾಗ ಅಳು ಬರುವುದಕ್ಕೂ ಮುಂಚೆ ನನಗೆ ಬಂದದ್ದು, ಬೀಳಲಿಲ್ಲವಲ್ಲ ಎಂಬ ನೆಮ್ಮದಿಯ ನಿಟ್ಟುಸಿರು. ಅದನ್ನು ಹೇಳಿಕೊಳ್ಳಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಆಗುವುದಿಲ್ಲ.

ಅವರು ತೆಂಗಿನಕಾಯಿ ಕೀಳುವವರಲ್ಲ. ಅರಸೀಕೆರೆಯಲ್ಲಿ ಮರ ಹತ್ತುವವರು ಎಂದ ತಕ್ಷಣ ಎಲ್ಲರೂ ಹಾಗೇ ತಿಳಿದುಕೊಳ್ಳುತ್ತಾರೆ, ಅವರಿಗೆ ಅದೊಂದು ಸಣ್ಣ ಸಿಟ್ಟು. ಮನೆಯ ಮೇಲೆ ವಾಲಿದ ಮರ, ಕರೆಂಟಿನ ತಂತಿಗೆ ತಾಗುವ ಕೊಂಬೆ, ಶಾಲೆಯ ಅಂಗಳದಲ್ಲಿ ಮುರಿದು ನೇತಾಡುವ ರೆಂಬೆ, ಗೆದ್ದಲು ಹತ್ತಿದ ಬುಡ, ಇಂಥವನ್ನು ಹಗ್ಗ ಕಟ್ಟಿಕೊಂಡು ಹತ್ತಿ, ಕೆಳಗಿನ ಒಂದು ಹೆಂಚೂ ಒಡೆಯದಂತೆ ಇಳಿಸುವುದು ಅವರ ಕೆಲಸ. ಹುಲಿಕೆರೆಯಲ್ಲಿ ಅವರ ಮನೆ. ಅಲ್ಲಿಂದ ಒಂದು ಹಳೆಯ ಗೂಡ್ಸ್ ಆಟೋದಲ್ಲಿ ಹಗ್ಗ, ಗರಗಸ, ಮಚ್ಚು ಹೇರಿಕೊಂಡು ಅರಸೀಕೆರೆ, ಬೇಲೂರು, ಹಳೇಬೀಡು ಮೂರು ಊರಿಗೂ ಓಡಾಡುತ್ತಿದ್ದರು. ನಾನು ಹನ್ನೊಂದು ವರ್ಷ ಅವರ ಕೆಳಗೆ ನಿಂತು ಹಗ್ಗ ಹಿಡಿದವನು. ಕೆಳಗೆ ಎಂದರೆ ನಿಜವಾಗಿಯೂ ಕೆಳಗೆ. ಅವರ ಪಾದ ಕಂಡಷ್ಟು ನಾನು ಅವರ ಮುಖವನ್ನೇ ಕಂಡಿಲ್ಲ.

ಯಾವ ಮರವನ್ನೇ ಆಗಲಿ, ಹತ್ತುವ ಮುಂಚೆ ಅವರು ಮೂರು ಸುತ್ತು ಬರುತ್ತಿದ್ದರು. ಚಪ್ಪಲಿ ಬಿಟ್ಟೇ ಸುತ್ತುತ್ತಿದ್ದರಿಂದ ನೋಡಿದವರು ಪ್ರದಕ್ಷಿಣೆ ಎಂದುಕೊಳ್ಳುತ್ತಿದ್ದರು. ಬೇಲೂರಿನಲ್ಲಿ ಒಬ್ಬ ಅಜ್ಜಿ ಅರಿಸಿನ ಕುಂಕುಮ ತಂದುಕೊಟ್ಟದ್ದೂ ಉಂಟು. ಅವರು ಅದನ್ನು ಭಕ್ತಿಯಿಂದಲೇ ತೆಗೆದುಕೊಂಡು ಬುಡಕ್ಕೆ ಹಚ್ಚಿ, ಮತ್ತೆ ಸುತ್ತಿದರು. ಮೊದಲನೆಯ ಸುತ್ತಿನಲ್ಲಿ ಬೇರು ನೋಡುವುದು, ಎರಡನೆಯದರಲ್ಲಿ ಮಚ್ಚಿನ ಹಿಡಿಯಿಂದ ಬೊಡ್ಡೆಗೆ ಬಡಿದು ಕಿವಿಯಿಟ್ಟು ಕೇಳುವುದು, ಮೂರನೆಯದರಲ್ಲಿ ತಲೆಯೆತ್ತಿ ನೆತ್ತಿ ನೋಡುವುದು. ಆಮೇಲೆ ಮನೆಯವರ ಕಡೆ ತಿರುಗಿ ಒಂದು ಪ್ರಶ್ನೆ ಕೇಳುತ್ತಿದ್ದರು.

"ನಿಮ್ಗೆ ಮರದ ಮ್ಯಾಲೆ ಕ್ವಾಪವೋ, ಭಯವೋ?"

ಕೋಪ ಎಂದರೆ ಎಲೆ ಉದುರುತ್ತದೆ, ಹಕ್ಕಿ ಕಾರಿನ ಮೇಲೆ ಹಿಕ್ಕೆ ಹಾಕುತ್ತದೆ, ಪಕ್ಕದ ಮನೆಯವರು ಕಾಯಿ ಕೀಳುತ್ತಾರೆ, ಇತ್ಯಾದಿ. ಅಂಥವರಿಗೆ, "ಇದಕ್ಕೆ ನಾನ್ಯಾಕೆ, ಒಂದು ಪೊರಕೆ ಸಾಕಲ್ವಾ?" ಎಂದು ಆಟೋ ಹತ್ತಿಬಿಡುತ್ತಿದ್ದರು. ಭಯ ಎಂದರೆ ಮಾತ್ರ ಹಗ್ಗ ಬಿಚ್ಚುತ್ತಿದ್ದರು. ಯಾವ ಕೊಂಬೆ ಭಯ ಎಂದು ಬೆರಳು ಮಾಡಿ ತೋರಿಸಲು ಹೇಳಿ, ಆ ಕೊಂಬೆಯನ್ನು ಇಳಿಸಿ, ಹೊರಬಲ್ಲಷ್ಟು ಉದ್ದಕ್ಕೆ ತುಂಡು ಮಾಡಿ ಗೋಡೆಗೆ ಒರಗಿಸಿ, ಮರದ ಒಡೆಯನಿಗೇ ಬಿಟ್ಟು ಬರುತ್ತಿದ್ದರು. ಒಂದು ಕಡ್ಡಿಯನ್ನೂ ಆಟೋಗೆ ಹಾಕಿಕೊಳ್ಳುತ್ತಿರಲಿಲ್ಲ.

ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಅಲ್ಲೇ. ಹುಣಸೆ, ಹೊಂಗೆ, ಮಾವು, ಸಿಲ್ವರ್ ಓಕ್, ಒಂದೊಂದು ದಿನ ಎರಡು ಟ್ರ್ಯಾಕ್ಟರ್ ತುಂಬುವಷ್ಟು. ಅರ್ಧಕ್ಕರ್ಧ ಮನೆಯವರು ಅದನ್ನು ಏನು ಮಾಡಬೇಕೆಂದು ತಿಳಿಯದೆ ಗೆದ್ದಲಿಗೆ ಬಿಡುತ್ತಿದ್ದರು. ನಾನು ಮನಸ್ಸಿನಲ್ಲೇ ಅದನ್ನು ಸೀಳಿ, ಒಣಗಿಸಿ, ಒಟ್ಟಿ, ಮಾರಿಬಿಡುತ್ತಿದ್ದೆ. ಮರ ಹತ್ತುವ ಕೆಲಸ ಮಳೆಗಾಲ ಬಂದರೆ ನಿಂತುಹೋಗುತ್ತದೆ. ಸೌದೆ ಇದ್ದರೆ ವರ್ಷವೆಲ್ಲ ಕೈಗೆ ಕೆಲಸ ಎಂಬುದು ನನ್ನ ವಾದ. ವಾದದ ಹಿಂದೆ ಇನ್ನೊಂದು ಆಸೆಯೂ ಇತ್ತು. ಯಜಮಾನರ ಮಂಡಿ ಸೋಲುತ್ತಿತ್ತು, ಮಕ್ಕಳಿರಲಿಲ್ಲ. ಇಂದಲ್ಲ ನಾಳೆ ಅವರ ಹಗ್ಗ ಯಾರಿಗಾದರೂ ಬರಬೇಕು. ಅದು ನನಗೇ ಬರಬೇಕೆಂದು ನಾನು ಹತ್ತು ವರ್ಷದಿಂದ ಕತ್ತು ಮೇಲೆ ಮಾಡಿ ನಿಂತಿದ್ದೆ. ಅವರು ಮಾತ್ರ ಆ ಮಾತು ಎತ್ತುತ್ತಲೇ ಇರಲಿಲ್ಲ.

ಒಂದು ದಿನ ತಡೆಯಲಾರದೆ ಎರಡನ್ನೂ ಒಟ್ಟಿಗೆ ಕೇಳಿಬಿಟ್ಟೆ. ಅವರು ಬೀಡಿ ಹಚ್ಚಿಕೊಂಡು, ಬಹಳ ಹೊತ್ತು ನನ್ನನ್ನೇ ಮರ ನೋಡುವ ಹಾಗೆ ನೋಡಿದರು.

"ಒಂದು ವರ್ಷ ಸೌದೆ ಮಾಡು, ಹೋಗ್ಲಾ. ನಾನು ಬ್ಯಾಡ ಅನ್ನಾಕಿಲ್ಲ. ವರ್ಷ ಆದ್ಮೇಲೆ ಗಿಟ್ತದೋ ಇಲ್ವೋ ನೀನೇ ಬಾಯಿಬಿಟ್ಟು ಹೇಳ್ಬೇಕು. ಹಗ್ಗದ ಮಾತು ಆಮ್ಯಾಕೆ."

ಅಷ್ಟು ಸಾಕಿತ್ತು. ಅರಸೀಕೆರೆಯಲ್ಲಿ ರೈಲ್ವೆ ಹಳಿಯ ಆಚೆ ಒಂದು ಖಾಲಿ ಸೈಟು ಹಿಡಿದೆ. ಟ್ರ್ಯಾಕ್ಟರಿಗೆ ಜೋಡಿಸುವ ಸೌದೆ ಸೀಳುವ ಮಿಷನ್ ತಂದೆ. ಮೊದಲ ದಿನ ಮಿಷನ್ನಿಗೆ ಹೂವು ಮುಡಿಸಿ, ನಿಂಬೆಹಣ್ಣು ತುಳಿಸಿ, ಒಂದು ಹೊಂಗೆ ದಿಮ್ಮಿ ಕೊಟ್ಟರೆ ಬೆಣ್ಣೆಯಂತೆ ಸೀಳಿತು. ಆ ಸಂಜೆ ನನ್ನ ಹೆಂಡತಿಗೆ, "ನೋಡ್ತಾ ಇರು" ಎಂದೆ. ಅವಳು ನೋಡುತ್ತಲೇ ಇದ್ದಳು.

ನಾನು ಹುಟ್ಟಿ ಬೆಳೆದದ್ದು ಕೊಬ್ಬರಿ ಊರಿನಲ್ಲಿ. ಪ್ರತಿ ಮನೆಯ ಹಿತ್ತಿಲಲ್ಲೂ ತೆಂಗಿನ ಮಟ್ಟೆ, ಗರಿ, ಚಿಪ್ಪು ಆಳೆತ್ತರ ಬಿದ್ದಿರುತ್ತದೆ. ಬಚ್ಚಲ ಒಲೆಗೆ ಅದು ಬಿಟ್ಟು ಬೇರೆ ಯಾರೂ ಹಾಕುವುದಿಲ್ಲ. ಇದು ಊರಿನ ಎಮ್ಮೆಗೂ ಗೊತ್ತು. ನನಗೆ ಗೊತ್ತಾದದ್ದು ಎರಡು ತಿಂಗಳು ಸೀಳಿ ಒಟ್ಟಿದ ಮೇಲೆ. ಮನೆಮನೆಗೆ ಹೋಗಿ ಕೇಳಿದರೆ, "ನಮ್ಮ ಮಟ್ಟೆ ಬೇಕಾದ್ರೆ ನೀನೇ ತಗೊಂಡೋಗಪ್ಪ" ಎಂದು ನನಗೇ ತುಂಬಿಸಲು ಬರುತ್ತಿದ್ದರು. ಕೊನೆಗೆ ಗಿರಾಕಿಗಳಾಗಿ ಉಳಿದವರು ಒಂದು ಬೇಕರಿ ಮತ್ತು ಮದುವೆ ಅಡುಗೆಯವರು. ಬೇಕರಿಯವನಿಗೆ ಒಂದೇ ಅಳತೆ, ಒಂದೇ ಜಾತಿ, ಗರಿಗರಿ ಒಣಗಿರಬೇಕು. ನಮ್ಮದೋ, ಸಿಕ್ಕಿದ ಮರದ ಸಿಕ್ಕಿದ ಕೊಂಬೆ. ಗುಲ್‌ಮೊಹರ್ ಸೀಳಿದರೆ ತಿರುಚಿಕೊಂಡು ಬರುತ್ತದೆ, ಸುಟ್ಟರೆ ಹೊಗೆ. ಹುಣಸೆ ಚೆನ್ನಾಗಿ ಉರಿಯುತ್ತದೆ, ಆದರೆ ಸೀಳುವವನ ಪ್ರಾಣ ತಿನ್ನುತ್ತದೆ. ರಸ್ತೆ ಬದಿಯ ಮರಗಳಲ್ಲಿ ಟ್ಯೂಷನ್ನಿನ ಬೋರ್ಡು, ಮೂಲವ್ಯಾಧಿ ಡಾಕ್ಟರ ಬೋರ್ಡು ಹೊಡೆದ ಮೊಳೆಗಳು ಸಿಪ್ಪೆಯೊಳಗೆ ಸೇರಿಹೋಗಿರುತ್ತವೆ. ಅವಕ್ಕೆ ಸಿಕ್ಕಿ ಗರಗಸದ ಚೈನು ತುಂಡಾದದ್ದು ಎಷ್ಟು ಸಲವೋ. ಒಣಗಲು ಹರಡಿದ್ದನ್ನು ಮಳೆ ಬಂದರೆ ಒಟ್ಟು, ಬಿಸಿಲು ಬಂದರೆ ಹರಡು. ಸೌದೆ ಒಣಗುವಷ್ಟರಲ್ಲಿ ನಾನೇ ಒಣಗಿದ್ದೆ.

ಆದರೂ ಸುಳ್ಳು ಹೇಳಬಾರದು. ಆರು ತಿಂಗಳು ಕಳೆದ ಮೇಲೆ ಕೈ ಕುದುರಿತು. ಜಾತಿ ಬೇರೆ ಮಾಡಿ ಒಟ್ಟುವುದು, ಗಾಳಿಯಾಡಲು ಅಡ್ಡಡ್ಡ ಪೇರಿಸುವುದು ಕಲಿತೆ. ಬೇಕರಿಯವನು ತಾನಾಗಿಯೇ ಫೋನ್ ಮಾಡತೊಡಗಿದ. ಯಜಮಾನರು ನಡುವೆ ಒಮ್ಮೆ ಬಂದು ಒಟ್ಟಿಲನ್ನು ನೋಡಿ, "ಚೆಂದಾಗಿ ಒಟ್ಟಿದ್ದೀಯ ಕಣ್ಲಾ" ಎಂದು ಹೋದರು. ಹೊಗಳಿದರೋ, ಇನ್ನೇನೋ, ತಿಳಿಯಲಿಲ್ಲ.

ಆ ವರ್ಷದ ಮದುವೆಯೊಂದನ್ನು ನಾನು ಮರೆಯುವ ಹಾಗಿಲ್ಲ. ಅರಸೀಕೆರೆಯ ಛತ್ರವೊಂದಕ್ಕೆ ಒಂದು ಲೋಡ್ ಸೌದೆ ನನ್ನದೇ. ಕೊಬ್ಬರಿ ವ್ಯಾಪಾರಸ್ಥರ ಮನೆಯ ಮದುವೆ, ಸ್ವಾಮಿಗಳು ದಯಮಾಡಿಸುವವರಿದ್ದರು. ಯಜಮಾನರಿಗೂ ಕರೆಯಿತ್ತು. ಬಿಳಿ ಪಂಚೆ, ಬಿಳಿ ಅಂಗಿ, ಹಣೆಗೆ ಮೂರು ಬೆರಳು ವಿಭೂತಿ ಧರಿಸಿ ಬಂದವರು ಮಂಟಪದ ಕಡೆ ಹೋಗದೆ, ಅಭ್ಯಾಸಬಲದಿಂದ ಹಿಂದಿನ ಅಡುಗೆ ಅಂಗಳಕ್ಕೆ ಬಂದರು. ದೊಡ್ಡ ಒಲೆಗಳಿಗೆ ಸೌದೆ ಜೋಡಿಸಿ ಆಗಿತ್ತು, ಅಡುಗೆ ಭಟ್ಟರು ಬೆಂಕಿಪೊಟ್ಟಣ ತಡಕುತ್ತಿದ್ದರು. ಯಜಮಾನರು ಒಂದು ಸೀಳನ್ನು ಎತ್ತಿ ಮೂಸಿದರು. ಸಿಪ್ಪೆಯ ಮೇಲೆ ಉದ್ದನೆಯ ಒಂದು ಮುಳ್ಳು ಉಳಿದಿತ್ತು. ಅವರ ಮುಖ ನೋಡಿದ ಕೂಡಲೇ ಅದು ಯಾವ ಮರವೆಂದು ನನಗೂ ನೆನಪಾಯಿತು.

ಬಿಲ್ವ. ಒಂದು ಮಠದ ಹಿತ್ತಿಲಿನಲ್ಲಿ ಗಾಳಿಗೆ ಮುರಿದ ಕೊಂಬೆಯನ್ನು ನಾವೇ ಇಳಿಸಿದ್ದೆವು. ಅದನ್ನು ಹರಿಯುವ ನೀರಿಗೆ ಬಿಡುತ್ತೇವೆಂದು ಮಠದವರಿಗೆ ನಾನೇ ಮಾತು ಕೊಟ್ಟು, ತಂದು, ಸೈಟಿನ ಮೂಲೆಯಲ್ಲಿ ಹಾಕಿ, ಮರೆತು, ಇನ್ನೊಂದು ದಿನ ಬೇರೆಯದರ ಜೊತೆ ಮಿಷನ್ನಿಗೆ ಕೊಟ್ಟಿದ್ದೆ. ಶಿವನ ತಲೆಯ ಮೇಲೆ ಇಡುವ ಪತ್ರೆಯ ಮರ. ಹೋಮಕ್ಕೆ ಹಾಕುತ್ತಾರಲ್ಲ ಎಂದು ಯಾರಾದರೂ ವಾದ ಮಾಡಬಹುದು, ಆದರೆ ನಮ್ಮ ಕಡೆ ಅದನ್ನು ಒಲೆಗೆ ಇಡುವುದಿಲ್ಲ. ಅದರ ಬೆಂಕಿಯಲ್ಲಿ ಬೆಂದ ಪಾಯಸವನ್ನು ಸ್ವಾಮಿಗಳ ಎಲೆಗೆ ಬಡಿಸಿದ್ದರೆ, ಆಮೇಲೆ ಗೊತ್ತಾಗಿದ್ದರೆ, ನಾನು ಊರಿನಲ್ಲಿ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ.

ಯಜಮಾನರು ಕೂಗಾಡಲಿಲ್ಲ. "ಭಟ್ರೇ, ಇದು ಹಸಿ ಐತೆ. ಹೊಗೆ ಆಡ್ತದೆ, ಅಡುಗೆ ಕೆಡ್ತದೆ. ಒಂದು ನಿಮಿಷ ತಡೀರಿ" ಎಂದರು. ಪಂಚೆಯನ್ನು ಎತ್ತಿ ಕಟ್ಟಿ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ಸೀಳನ್ನು ಮೂಸಿ ನೋಡಿ, ಬಿಲ್ವದ್ದನ್ನೆಲ್ಲ ಬೇರೆ ತೆಗೆದರು. ಹಳದಿ ಬಣ್ಣದ ಹದಿನಾಲ್ಕೋ ಹದಿನೈದೋ ಸೀಳು. ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ತೋಳಿನಲ್ಲಿ ಎತ್ತಿಕೊಂಡು ಹೋಗಿ ಆಟೋದಲ್ಲಿಟ್ಟರು. ಬಿಳಿ ಅಂಗಿಯೆಲ್ಲ ಮಣ್ಣು. ಒಲೆ ಹೊತ್ತಿತು, ತಾಳಿ ಕಟ್ಟಿದರು, ಪಾಯಸ ಚೆನ್ನಾಗಿತ್ತು. ನಾನು ಮಾತ್ರ ಅರ್ಧ ಎಲೆಯಲ್ಲೇ ಬಿಟ್ಟೆ.

ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವಾಗ ಹೇಳಿದರು: "ಸೀಳಿದ್ ಮ್ಯಾಲೆ ಎಲ್ಲಾ ಸೌದೆನೇ ಕಣಪ್ಪ. ಮರದ ಹೆಸರು ಹೋಗ್ಬಿಡ್ತದೆ. ನೀನು ಹೆಸರು ಮರೀಬ್ಯಾಡ." ಅಷ್ಟೇ. ಮತ್ತೆ ಎಂದೂ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅಂಥ ಗಂಭೀರ ಮನುಷ್ಯನೂ ಹೆಂಡತಿಗೆ ಹೆದರುತ್ತಿದ್ದರು. ನಾನು ಅಮ್ಮ ಎಂದು ಕರೆಯುವ ಅವರದು ಜಗಳದ ಬಾಯಲ್ಲ. ಪ್ರತಿದಿನ ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇಳುದ್ರಾ?" ಇವರು "ಇಳಿದೆ" ಎನ್ನಬೇಕು. ಆ ಕಡೆಯಿಂದ "ಸದ್ಯ" ಎಂದು ಫೋನ್ ಇಡುವ ಸದ್ದು. ಕೊಂಬೆ ಮೇಲಿರುವಾಗಲೇ ಒಮ್ಮೆ ಫೋನ್ ಬಂದು, "ಇಳಿದೆ" ಎಂದು ಸುಳ್ಳು ಹೇಳಿ, ಆಮೇಲೆ ಗಡಬಡಿಸಿ ಇಳಿದರು. ಹೇಳಿದ ಸುಳ್ಳನ್ನು ಬೇಗ ನಿಜ ಮಾಡಬೇಕಲ್ಲ ಎಂದು ನಕ್ಕರು.

ವರ್ಷ ತುಂಬುವ ಹೊತ್ತಿಗೆ ಹಳೇಬೀಡಿನಿಂದ ಒಂದು ಕರೆ ಬಂತು. ರಿಟೈರಾದ ಟೀಚರೊಬ್ಬರು, ಕೆರೆಯ ದಾರಿಯಲ್ಲಿ ಮನೆ, ಹಿತ್ತಿಲಲ್ಲಿ ಒಂದು ಹಳೆಯ ಮಾವಿನ ಮರ. ಯಜಮಾನರಿಗೆ ಮಂಡಿನೋವು. "ನೀನೇ ನೋಡ್ಕಂಡು ಬಾ" ಎಂದು ಮೊದಲ ಸಲ ನನ್ನೊಬ್ಬನನ್ನೇ ಕಳುಹಿಸಿದರು. ನನಗೆ ಹಿಗ್ಗು. ದೊಡ್ಡ ಮರ, ಎರಡು ಜನ ಕೈ ಹಿಡಿದರೂ ತಬ್ಬಲಾಗದ ಬೊಡ್ಡೆ. ಒಂದು ಒಣ ಕೊಂಬೆ ಮನೆಯ ಹೆಂಚಿನ ಮೇಲೆ ಚಾಚಿತ್ತು. ಬುಡದಲ್ಲಿ ಒಂದು ಪೊಟರೆ. ಒಂದು ಸುತ್ತು ಬಂದೆ.

"ಇದು ಟೊಳ್ಳಾಗಿದೆ ಟೀಚರ್. ಪೂರ್ತಿ ತೆಗೆಯೋದೇ ಒಳ್ಳೇದು" ಎಂದೆ.

ಅವರ ಮುಖ ಸಪ್ಪಗಾಯಿತು. "ನಮ್ಮಮ್ಮ ನೆಟ್ಟಿದ್ದು. ಆದ್ರೆ ಮನೆ ಮೇಲೆ ಬಿದ್ರೆ ಕಷ್ಟ ಅಲ್ವಾ. ನೀವು ಹೇಳಿದ ಮೇಲೆ ಆಯ್ತು" ಎಂದರು. ಗುರುವಾರ ಎಂದು ದಿನ ಗೊತ್ತು ಮಾಡಿ, ದಾರಿಯಲ್ಲೇ ಬೇಕರಿಯವನಿಗೆ ಫೋನ್ ಮಾಡಿ, ಒಂದೇ ಜಾತಿಯ ಎರಡು ಲೋಡ್ ಬರುತ್ತದೆ ಎಂದೆ.

ಗುರುವಾರ ಯಜಮಾನರೂ ಬಂದರು. ಕುಂಟುತ್ತಲೇ ಮೂರು ಸುತ್ತು ಬಂದರು. ಎರಡನೆಯ ಸುತ್ತಿನಲ್ಲಿ ಬಡಿದು ಕಿವಿಯಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ಟೀಚರ ಕಡೆ ತಿರುಗಿದರು.

"ಮರದ ಮ್ಯಾಲೆ ಕ್ವಾಪವೋ, ಭಯವೋ ತಾಯಿ?"

"ನನಗೆ ಎರಡೂ ಇರಲಿಲ್ಲ. ಆ ಒಣಕೊಂಬೆ ತೆಗೆಸೋಣ ಅಂತ ಕರೆದಿದ್ದು. ಇವರು ಟೊಳ್ಳು ಅಂದ ಮೇಲೆ ಭಯ ಶುರುವಾಯ್ತು. ಮೂರು ದಿನದಿಂದ ಮರದ ಪಕ್ಕದ ನನ್ನ ಕೋಣೆಯಲ್ಲಿ ಮಲಗಿಲ್ಲ."

ಯಜಮಾನರು ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ. "ವರ್ಷ ಆಯ್ತಲ್ಲ. ಹೇಳು, ಸೌದೆ ಗಿಟ್ತದೋ ಇಲ್ವೋ?"

ಗಿಟ್ಟುತ್ತದೆ ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಹಗ್ಗ ಅವರ ಹೆಗಲ ಮೇಲಿತ್ತು. ಸತ್ಯ ಹೇಳಿದರೆ ಅದು ಅಲ್ಲೇ ಉಳಿಯುತ್ತದೆ ಎಂದು ನನಗೆ ಖಾತ್ರಿಯಿತ್ತು. ಆದರೆ ಮೂರು ದಿನ ನಿದ್ದೆಗೆಟ್ಟ ಆ ಹೆಂಗಸು ಎದುರಿಗೇ ನಿಂತಿದ್ದರು.

"ನಾನು ಬಡಿದೇ ನೋಡ್ಲಿಲ್ಲ ಯಜಮಾನ್ರೇ" ಎಂದೆ. "ಒಂದೇ ಸುತ್ತು ಬಂದೆ. ಎಷ್ಟು ಲೋಡಾಯ್ತದೆ ಅಂತ ನೋಡ್ದೆ. ಟೊಳ್ಳು ಅಂತ ಹೇಳಿದ್ದು ಸೌದೆ ಆಸೆಗೆ. ತಪ್ಪಾಯ್ತು ಟೀಚರ್."

ಟೀಚರ್ ಮರದ ಬೊಡ್ಡೆಗೆ ಕೈಯೂರಿ ನಿಂತರು. ಯಜಮಾನರು ಕಟ್ಟೆಯ ಮೇಲೆ ಕೂತು, ಯಾವ ಪೀಠಿಕೆಯೂ ಇಲ್ಲದೆ ಶುರು ಮಾಡಿದರು: "ನಾನೂ ಒಂದು ವರ್ಷ ಸೌದೆ ಮಾರಿದ್ದೆ ಕಣ್ಲಾ, ನಿನ್ ವಯಸ್ನಾಗೆ. ಹುಲಿಕೆರೆ ದಾರೀಲಿ ಒಂದು ಹಿಪ್ಪೆ ಮರ ಇತ್ತು. ಟೊಳ್ಳು ಅಂದೆ. ಎಲ್ರೂ ನಂಬುದ್ರು. ಕಡುದ್ ಮ್ಯಾಲೆ ನೋಡುದ್ರೆ ಒಳಗೆ ಕಲ್ಲಿನಂಗೆ ಗಟ್ಟಿ. ಯಾರೂ ಏನೂ ಅನ್ಲಿಲ್ಲ. ಅವತ್ತಿಂದ ಮೂರು ಸುತ್ತು."

ಪ್ರದಕ್ಷಿಣೆಯ ಗುಟ್ಟು ಇದು. ಬೇಲೂರಿನ ಅಜ್ಜಿ ಅರಿಸಿನ ಕುಂಕುಮ ಕೊಟ್ಟದ್ದು ತಪ್ಪೇನಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಆಮೇಲೆ ಅವರು ಹೆಗಲಿನಿಂದ ಹಗ್ಗ ತೆಗೆದು, ಸೊಂಟದ ಬೆಲ್ಟ್ ಬಿಚ್ಚಿ, ಎರಡನ್ನೂ ನನ್ನ ಮುಂದೆ ಹಿಡಿದರು. "ಹತ್ತು. ಆ ಒಣಗಿದ್ದು ಒಂದೇ ಇಳಿಸು. ನಾನು ಕೆಳಗಿರ್ತೀನಿ."

ಹತ್ತಿದೆ. ಮರ ಅಲುಗಲಿಲ್ಲ. ಗಟ್ಟಿ ಮರ. ಕೊಂಬೆಗಳ ನಡುವೆ ಕೂತು ನೋಡಿದರೆ ಹಳೇಬೀಡಿನ ಕೆರೆ ಕಾಣುತ್ತಿತ್ತು. ಒಣಕೊಂಬೆಯನ್ನು ಮೂರು ತುಂಡು ಮಾಡಿ ಹಗ್ಗದಲ್ಲಿ ಇಳಿಸಿದೆ. ಒಂದು ಹೆಂಚೂ ಒಡೆಯಲಿಲ್ಲ. ಇಳಿದು ಬಂದಾಗ ಯಜಮಾನರು ಬೆವೆತು ತೊಯ್ದಿದ್ದರು. ಹಗ್ಗ ಹಿಡಿದ ಅಂಗೈ ಕೆಂಪಾಗಿತ್ತು.

"ಕೆಳಗೆ ನಿಂತ್ಕಳದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ ಕಣೋ" ಎಂದರು. "ಹನ್ನೊಂದು ವರ್ಷ ಹೆಂಗೆ ನಿಂತ್ಯೋ. ಆ ನನ್ನ ಹೆಂಡ್ತಿ ಹೆಂಗೆ ನಿಂತ್ಲೋ."

ಟೀಚರ್ ಅವತ್ತು ರಾತ್ರಿ ತಮ್ಮ ಕೋಣೆಯಲ್ಲೇ ಮಲಗಿದರಂತೆ. ಮಾರನೆಯ ದಿನ ಫೋನ್ ಮಾಡಿ ಹೇಳಿದರು. ನನಗೂ ಒಳ್ಳೆಯ ನಿದ್ದೆ ಬಂದಿತ್ತು. ಬೇಕರಿಯವನು ಮಾತ್ರ ಒಂದು ವಾರ ಬೈದ.

ಮಿಷನ್ನನ್ನು ಬೇಲೂರು ರಸ್ತೆಯ ಸೌದೆ ಡಿಪೋದವನಿಗೆ ಕೊಟ್ಟೆ. ಈಗ ಮರದವರು ಬೇಡ ಎಂದ ಕೊಂಬೆಗಳಿಗೆ ಅವನೇ ಬಂದು, ಅವರೊಡನೆಯೇ ಮಾತಾಡಿಕೊಂಡು ಒಯ್ಯುತ್ತಾನೆ. ಬಿಲ್ವ, ಬನ್ನಿ, ಅರಳಿ ಇದ್ದರೆ ನಾನೇ ಎತ್ತಿಟ್ಟು ನೀರಿಗೆ ಬಿಡುತ್ತೇನೆ. ಮರದ ಕೆಲಸ ಹಿಡಿದ ಹೊಸಬರು ಸೌದೆ ಗಿಟ್ಟುತ್ತದೆಯೇ ಎಂದು ನನ್ನನ್ನು ಕೇಳುತ್ತಾರೆ. ಗಿಟ್ಟುತ್ತದೆ, ಆದರೆ ಮರ ಹತ್ತುವವನು ಒಬ್ಬನಾಗಿ ಸೌದೆ ಮಾರುವವನು ಇನ್ನೊಬ್ಬನಾಗಿರಲಿ ಎನ್ನುತ್ತೇನೆ. ಅವರು ನನ್ನನ್ನು ಸೋಮಾರಿ ಎಂದುಕೊಳ್ಳುತ್ತಾರೆ. ಎಂದುಕೊಳ್ಳಲಿ.

ಆ ಗುರುವಾರದ ನಂತರ ಯಜಮಾನರು ಮತ್ತೆ ಮರ ಹತ್ತಲಿಲ್ಲ. ಆರು ವರ್ಷ ಆಟೋದಲ್ಲಿ ಜೊತೆಗೆ ಬಂದು, ಕುರ್ಚಿ ಹಾಕಿಸಿಕೊಂಡು ಕೂತು, ನನ್ನ ಗಂಟುಗಳಲ್ಲಿ ತಪ್ಪು ಹುಡುಕಿದರು. ಅಮ್ಮನ ಫೋನ್ ಮಾತ್ರ ನಿಲ್ಲಲಿಲ್ಲ. ಗಂಡ ಇಳಿದ ಮೇಲೆ ಅದು ನನ್ನ ನಂಬರಿಗೆ ಬರತೊಡಗಿತು. ದೀಪ ಹಚ್ಚುವ ಹೊತ್ತಿಗೆ, "ಇಳುದ್ಯೇನಪ್ಪ?" "ಇಳಿದೆ ಅಮ್ಮ." "ಸದ್ಯ."

ಯಜಮಾನರನ್ನು ಅವರ ಹೊಲದಲ್ಲೇ ಮಣ್ಣು ಮಾಡಿದೆವು. ನಮ್ಮಲ್ಲಿ ಹೂಳುವುದು ಪದ್ಧತಿ, ಒಂದು ಕಡ್ಡಿ ಸೌದೆಯೂ ಬೇಕಾಗಲಿಲ್ಲ. ವಿಭೂತಿ, ಪತ್ರೆ, ಮಣ್ಣು, ಅಷ್ಟೇ. ಅಳುತ್ತಿದ್ದವನಿಗೆ ಅದು ನೆನಪಾಗಿ ನಗು ಬಂತು. ಎಲ್ಲ ಮುಗಿಸಿ, ಅಮ್ಮನನ್ನು ಅವರ ತಂಗಿಯ ಜೊತೆ ಬಿಟ್ಟು, ನಾನು ಅರಸೀಕೆರೆಗೆ ಬಂದು ಸ್ನಾನ ಮಾಡಿ ಬಾಗಿಲಲ್ಲಿ ಕೂತಿದ್ದೆ. ಹೆಂಡತಿ ದೇವರ ಮುಂದೆ ದೀಪ ಹಚ್ಚಿದಳು. ಫೋನ್ ಹೊಡೆದುಕೊಂಡಿತು.

"ಇವತ್ತು ಎಲ್ಲೂ ಹತ್ಲಿಲ್ವಲ್ಲಪ್ಪ?"

"ಇಲ್ಲ ಅಮ್ಮ. ನೆಲದ ಮೇಲೇ ಇದ್ದೀನಿ."

ಅವರು, "ಇಬ್ರೂ ಇಳುದ್ರಿ. ಸದ್ಯ" ಎಂದು ಫೋನ್ ಇಟ್ಟರು.